ಆಯಿಯ ಸಂಚಿಯಲ್ಲಿ ಕಡಿಮೆ ಬಿದ್ದ ರೊಕ್ಕ

ನಮ್ಮ ಆಯಿ ರೊಕ್ಕವನ್ನು ಕಣ್ಣಿಂದ ಎಣಿಸಿದವಳಲ್ಲ. ಸಂಚಿಯೊಳಗೆ ಕೈ ಬಿಟ್ಟು ಬೆರಳಲ್ಲೇ ಆರಿಸುತ್ತಿದ್ದಳು. ಇಂಡಿ ಸಂತೆಯಲ್ಲಿ ಲಿಂಬೆಹಣ್ಣಿನ ಗುಂಪಿ ಹಚ್ಚಿಕೊಂಡು ಕುಂತರೆ ಬಾಯಿ ಗಿರಾಕಿಯ ಜೊತೆ, ಕಣ್ಣು ಲಿಂಬೆಯ ಮೇಲೆ, ಕೈ ಮಾತ್ರ ಸಂಚಿಯಲ್ಲಿ. ಚಿಲ್ಲರೆ ಹೊರಗೆ ಬರುವಷ್ಟರಲ್ಲಿ ಲೆಕ್ಕ ಮುಗಿದಿರುತ್ತಿತ್ತು. ಕಣ್ಣಿಗೆ ಪೊರೆ ಬಂದ ಮೇಲೂ ಆಕೆ ಸಂತೆ ಬಿಡದೇ ಇದ್ದದ್ದು ಈ ಬೆರಳಿನ ಧೈರ್ಯದ ಮೇಲೆ.

2011ರ ಮಳೆಗಾಲ ದಾಟಿದ ಮೇಲೆ ಲೆಕ್ಕ ತಪ್ಪಲು ಶುರುವಾಯಿತು. ನಾನಾಗ ಒಂಬತ್ತನೇ ಇಯತ್ತೆ. ಸಂತೆಯ ದಿನ ಸಂಜೆ ಸಂಚಿಯನ್ನು ನೆಲಕ್ಕೆ ಸುರುವಿ, ನಾಣ್ಯಗಳನ್ನು ಬೇರೆ ಬೇರೆ ಸಾಲು ಮಾಡಿ ಎಣಿಸುವುದು ನನ್ನ ಕೆಲಸ. ಬೆಳಿಗ್ಗೆ ಎಷ್ಟು ಹಣ್ಣು ಒಯ್ದಿದ್ದಳು, ಎಷ್ಟು ಉಳಿದವು, ಎಷ್ಟು ರೊಕ್ಕ ಬರಬೇಕು ಅನ್ನುವುದು ಆಯಿಗೆ ಬಾಯಿಪಾಠ. ನಾನು ಎಣಿಸಿ ಹೇಳಿದ್ದು ಅದಕ್ಕಿಂತ ಹತ್ತೋ ಹದಿನೈದೋ ರೂಪಾಯಿ ಕಡಿಮೆ ಇರುತ್ತಿತ್ತು. ಮೊದಲ ವಾರ ಸುಮ್ಮನಾದಳು. ಎರಡನೇ ವಾರ ಮತ್ತೊಮ್ಮೆ ಎಣಿಸು ಅಂದಳು. ನಾಲ್ಕನೇ ವಾರ ಸಂಚಿಯನ್ನು ನನ್ನ ಕೈಗೆ ಕೊಡಲಿಲ್ಲ, ಬಾಜೂ ಮನೆಯ ಹುಡುಗಿಯನ್ನು ಕರೆದಳು.

ಬಯ್ದಿದ್ದರೆ ಚಲೋ ಇತ್ತು. ಬಯ್ಯಲಿಲ್ಲ. ನಾನೂ ಗಟ್ಟಿಯಾಗಿ ಜಗಳ ತೆಗೆಯಲಿಲ್ಲ. ಯಾಕೆ ಅಂದರೆ ಒಂದೇ ಒಂದು ಸಲ, ಐಸ್‌ಕ್ಯಾಂಡಿಗೆ ಅಂತ ಎರಡು ರೂಪಾಯಿ ತೆಗೆದದ್ದು ಖರೆ. ಉಳಿದದ್ದು ನಾನಲ್ಲ. ಎರಡು ರೂಪಾಯಿ ತೆಗೆದವರು ಹದಿನೈದು ತೆಗೆದಿಲ್ಲ ಅಂತ ಹೇಗೆ ನಂಬಿಸುವುದು?

ಈ ಮಾತು ನನಗೆ ಮರೆತೇ ಹೋಗಿತ್ತು. ಹೋದ ವರ್ಷ ಹತ್ತು ರೂಪಾಯಿ ನಾಣ್ಯದ ಮೇಲೆ ಒಂದು ವರದಿ ಬರೆಯಲು ಹೊರಟಾಗ ಮತ್ತೆ ಎದ್ದು ಬಂತು.

ನಮ್ಮ ಕಡೆ ಹತ್ತರ ನಾಣ್ಯದ ಪಾಡು ನಿಮಗೆ ಗೊತ್ತೇ ಇದೆ. ಕಿರಾಣಿ ಅಂಗಡಿಯವರು ಮುಖ ತಿರುಗಿಸುತ್ತಾರೆ. "ಇದು ನಡ್ಯಂಗಿಲ್ರಿ, ನೋಟ್ ಕೊಡ್ರಿ." ಯಾಕೆ ನಡೆಯುವುದಿಲ್ಲ ಅಂತ ಕೇಳಿದರೆ ಒಬ್ಬರು ಗೆರೆ ಎಣಿಸುತ್ತಾರೆ, ಹತ್ತು ಗೆರೆ ಇದ್ದರೆ ಅಸಲಿ, ಹದಿನೈದಿದ್ದರೆ ನಕಲಿ ಅನ್ನುತ್ತಾರೆ. ಇನ್ನೊಬ್ಬರು ರೂಪಾಯಿ ಚಿಹ್ನೆ ಹುಡುಕುತ್ತಾರೆ. ಇಂಡಿಯಲ್ಲಿ ಇದನ್ನೇ ವಿಚಾರಿಸುತ್ತ ತಿರುಗುವಾಗ ಚಹಾದಂಗಡಿಯ ಕಾಕಾ ಒಬ್ಬರು, "ನಾಣ್ಯದ ಸುದ್ದಿ ಬೇಕಂದ್ರ ಸಿಂದಗಿ ಮಾಸ್ತರ ಹಂತೇಕ ಹೋಗವಾ, ಅವರ ಮನ್ಯಾಗ ಡಬ್ಬಿಗಟ್ಟಲೆ ಅದಾವ" ಅಂದರು. ಮರುದಿನ ಸಿಂದಗಿ ಬಸ್ ಹತ್ತಿದೆ.

ಮಾಸ್ತರರು ಪ್ರಾಥಮಿಕ ಶಾಲೆಯಿಂದ ನಿವೃತ್ತರಾದವರು. ಹೆಸರು ಬರೆಯಬೇಡ ಅಂದರು. "ಇವನ ಮನ್ಯಾಗ ನಾಣ್ಯ ಅದಾವ ಅಂದ್ರ ಕಳ್ಳರು ಬಂಗಾರದ್ದ ಇರಬೇಕು ಅನ್ಕೋತಾರ. ಎಲ್ಲಾ ಕೂಡಿ ಸಾವಿರ ರೂಪಾಯಿ ಮಾಲಿಲ್ಲ ನೋಡು." ಅವರ ಸಂಗ್ರಹದಲ್ಲಿ ರಾಜರ ಕಾಲದ್ದು ಏನೂ ಇಲ್ಲ. ಎಲ್ಲ ಬಸ್ಸಿನ ಚಿಲ್ಲರೆ, ಹಾಲಿನ ಚಿಲ್ಲರೆ, ಪಗಾರದ ಮುರುಕು. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದದಲ್ಲಿ ಗುಂಡಗೆ ತೂತು ಕೊರೆದು ಒಂದೊಂದರಲ್ಲೂ ಒಂದೊಂದು ನಾಣ್ಯ ಕೂಡಿಸಿದ್ದಾರೆ.

ಅವರು ಮೊದಲು ಕಲಿಸಿದ್ದು ಇಸವಿಯ ಕೆಳಗೆ ನೋಡುವುದನ್ನು. ನಿಮ್ಮ ಕಿಸೆಯಲ್ಲಿ ನಾಣ್ಯವಿದ್ದರೆ ಈಗಲೇ ತೆಗೆದು ನೋಡಿ. ಇಸವಿಯ ಕೆಳಗೆ ಸಣ್ಣ ನಕ್ಷತ್ರವಿದ್ದರೆ ಅದು ಹೈದರಾಬಾದ್ ಟಂಕಸಾಲೆಯದು. ವಜ್ರದಂಥ ಚೌಕುಳಿ ಇದ್ದರೆ ಮುಂಬೈ. ಗುಂಡು ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ನಮ್ಮ ಕಡೆ ನಕ್ಷತ್ರದ್ದು, ಚೌಕುಳಿಯದ್ದು ಕೈಗೆ ಬರುವಷ್ಟು ಉಳಿದವು ಬರುವುದಿಲ್ಲ ಅನ್ನುವುದು ಮಾಸ್ತರರ ಅನುಭವ.

"ಸರ, ಸರಕಾರ ಹಿಂಗ ಮ್ಯಾಲಿಂದ ಮ್ಯಾಲೆ ಚಿತ್ರ ಬದಲ ಮಾಡ್ತದಲ್ರಿ, ನಿಮಗೇನ ಅನಸ್ತದ?"

"ನನಗ ಹಬ್ಬ" ಅಂದರು. ಒಳಗಿಂದ ಅವರ ಮನೆಯವರು, "ಆ ಹಬ್ಬದಾಗ ಹೋಳಿಗಿ ಇರಂಗಿಲ್ಲ, ಧೂಳಾ ಅಷ್ಟ" ಅಂದದ್ದು ನಮಗಿಬ್ಬರಿಗೂ ಕೇಳಿಸಿತು.

ಎರಡು ರೂಪಾಯಿಯ ಸಾಲನ್ನು ತೋರಿಸಿದರು. 1990ರ ದಶಕದ ಹನ್ನೊಂದು ಮೂಲೆಯ ನಾಣ್ಯ, ಅದರ ಮೇಲೆ ಭಾರತದ ನಕಾಶೆ. ಅದೇ ಆಕಾರದಲ್ಲಿ ವಲ್ಲಭಭಾಯಿ ಪಟೇಲ್, ನೇತಾಜಿ, ಅರವಿಂದರು, ಛತ್ರಪತಿ ಶಿವಾಜಿ. ಆಮೇಲೆ ಮೂಲೆಗಳೆಲ್ಲ ಹೋಗಿ ಗುಂಡಗಾದ ಉಕ್ಕಿನ ನಾಣ್ಯ, ಅದರ ಮೇಲೆ ಅಡ್ಡ ಉದ್ದ ಗೆರೆ, ನಾಲ್ಕು ಚುಕ್ಕೆ. ವಿವಿಧತೆಯಲ್ಲಿ ಏಕತೆ ಅಂತ ಮಾಡಿದ ಆ ಚಿತ್ರ ಶಿಲುಬೆಯ ಹಾಗೆ ಕಾಣುತ್ತದೆ ಅಂತ ಗದ್ದಲವಾಯಿತು. 2007ರಲ್ಲಿ ಎರಡು ಬೆರಳಿನ ಮುದ್ರೆ ಬಂತು, ಒಂದು ರೂಪಾಯಿಗೆ ಹೆಬ್ಬೆರಳು. 2010ರಲ್ಲಿ ರೂಪಾಯಿಗೆ ಹೊಸ ಚಿಹ್ನೆ ಒಪ್ಪಿದರು, 2011ಕ್ಕೆ ಅದು ನಾಣ್ಯದ ಮೇಲೂ ಬಂತು. 2019ರ ಮಾರ್ಚ್‌ನಲ್ಲಿ ಮತ್ತೊಂದು ಸಾಲು ಪ್ರಕಟವಾಯಿತು, 2022ರ ಜೂನ್‌ನಲ್ಲಿ ಸ್ವಾತಂತ್ರ್ಯದ ಅಮೃತ ಮಹೋತ್ಸವದ್ದು. ಸುಮಾರು ಮೂವತ್ತು ವರ್ಷದಲ್ಲಿ ಒಂದೇ ಎರಡು ರೂಪಾಯಿಗೆ ಇಷ್ಟು ಮುಖ.

"ಅಮೇರಿಕಾದವ್ರು ಇದಕ್ಕಿಂತ ಹೆಚ್ಚ ಮಾಡ್ಯಾರ. 1999ರಿಂದ 2008ರ ತನಕ ವರ್ಷಕ್ಕ ಐದರಂಗ ಐವತ್ತೂ ರಾಜ್ಯಗಳ ಚಿತ್ರ ತಮ್ಮ ಕಾಲು ಡಾಲರ್ ಮ್ಯಾಲೆ ಹಾಕಿದ್ರು. ಮಂದಿ ಮುಗಿಬಿದ್ದು ಕೂಡಿಸಿದ್ರು" ಅಂದರು ಮಾಸ್ತರರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಮಾತು ಸೇರಿಸಿದರು. "ಆದ್ರ ಅಳತಿ ಮುಟ್ಟಲಿಲ್ಲ." ಅದರ ಅರ್ಥ ನನಗೆ ಆಗ ಆಗಲಿಲ್ಲ. ಬರೆದುಕೊಂಡೆ ಅಷ್ಟೆ.

ಅವರ ಬಳಿ ಇಲ್ಲದ, ಆದರೆ ಇರಬೇಕಿತ್ತು ಅಂತ ಆಸೆಪಡುವ ನಾಣ್ಯ ಒಂದೇ, ನಮ್ಮ ಬಿಜಾಪುರದ್ದೇ. ಎರಡನೇ ಅಲಿ ಆದಿಲ್‌ಶಾಹನ ಕಾಲದ ಲಾರಿ. ಓಡಿಸುವ ಲಾರಿಯಲ್ಲ. ಪರ್ಷಿಯಾದ ಲಾರ್ ಅನ್ನುವ ಊರಿಂದ ಬಂದ ಹೆಸರು. ಬೆಳ್ಳಿಯ ತಂತಿಯನ್ನು ಮಧ್ಯಕ್ಕೆ ಮಡಿಚಿ, ತಲೆಗೆ ಸಿಕ್ಕಿಸುವ ಪಿನ್ನಿನ ಹಾಗೆ ಮಾಡಿ, ಮೇಲೆ ಮುದ್ರೆ ಒತ್ತುತ್ತಿದ್ದರು. "ಅಮವಾಸಿ ರಾತ್ರಿ ಕೊಟ್ರೂ ಅದು ಏನಂತ ಗೊತ್ತಾಗ್ತಿತ್ತು ನೋಡು" ಅಂದರು.

ಮಾಸ್ತರರು ಫೋನ್ ನಂಬರ್ ಕೊಟ್ಟದ್ದು ಮುದ್ದೇಬಿಹಾಳದ ಒಬ್ಬ ಹುಡುಗನದು. ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಇಪ್ಪತ್ತೈದರ ಆಸುಪಾಸು. ಇವನ ಅಭಿಪ್ರಾಯ ಮಾಸ್ತರರಿಗೆ ಪೂರಾ ಉಲ್ಟಾ. "ಅಕ್ಕಾ, ನನಗ ಸಾಕಾಗೇತಿ. ಒಂದ ಸೆಟ್ ಮುಗಿಸೋದ್ರಾಗ ಇನ್ನೊಂದು ಬರ್ತೈತಿ. ಹತ್ತು ರೂಪಾಯಿ ಒಂದರಾಗ 2018ಕ್ಕ ಹದಿನಾಲ್ಕು ನಮೂನಿ ಅಂದ್ರ ಯಾವುದನ್ನ ನೆನಪಿಡೂದು?" ಹದಿನಾಲ್ಕು ಅನ್ನುವುದು ಅವನ ಲೆಕ್ಕವಲ್ಲ. 2018ರ ಜನವರಿ 17ರಂದು ರಿಸರ್ವ್ ಬ್ಯಾಂಕೇ ಹೇಳಿದ್ದು. ಆವರೆಗೆ ಹದಿನಾಲ್ಕು ವಿನ್ಯಾಸದ ಹತ್ತು ರೂಪಾಯಿ ನಾಣ್ಯ ಬಿಟ್ಟಿದ್ದೇವೆ, ಎಲ್ಲವೂ ಅಸಲಿ, ಎಲ್ಲವೂ ನಡೆಯುತ್ತವೆ ಅಂತ. ಗೆರೆ ಎಷ್ಟೇ ಇರಲಿ, ಚಿಹ್ನೆ ಇರಲಿ ಬಿಡಲಿ. 14440ಕ್ಕೆ ಫೋನ್ ಮಾಡಿದರೆ ಇದನ್ನೇ ಹೇಳುವ ವ್ಯವಸ್ಥೆಯನ್ನೂ ಆಗ ಮಾಡಿದ್ದರು.

ಕಾನೂನಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ, ಸಂತೆಯಲ್ಲಿ ಬೇಕಾಗುತ್ತದೆ. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದರ ಮೇಲಿನ ನಾಣ್ಯಗಳಲ್ಲಿ ಒಮ್ಮೆಗೆ 1000 ರೂಪಾಯಿವರೆಗೆ ಕೊಡಬಹುದು. ಎಂಟಾಣೆಯೂ ಸತ್ತಿಲ್ಲ. ಅದರಲ್ಲಿ ಹತ್ತು ರೂಪಾಯಿವರೆಗೆ ಕೊಡಬಹುದು. ಸತ್ತದ್ದು ಚಾರಾಣೆ ಮತ್ತು ಅದರ ಕೆಳಗಿನವು ಮಾತ್ರ, 2011ರ ಜೂನ್ 30ಕ್ಕೆ. ಎಂಟಾಣೆ ಕೊಟ್ಟರೆ ತಗೊಳ್ಳುವವರು ಯಾರಿದ್ದಾರೆ ಅನ್ನುವುದು ಬೇರೆ ಮಾತು.

ಮುದ್ದೇಬಿಹಾಳದ ಹುಡುಗನಿಗೆ ಬೇಸರ ಬರಲು ಇನ್ನೊಂದು ಕಾರಣವಿದೆ. ಅವನು ನಾಣ್ಯ ಕೂಡಿಸುತ್ತಾನೆ ಅನ್ನುವುದು ಊರಿಗೆ ಗೊತ್ತಾದ ಮೇಲೆ ವಾರಕ್ಕೆ ಒಬ್ಬರಾದರೂ ಬರುತ್ತಾರೆ. ಕೈಯಲ್ಲಿ ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ. "ತಮ್ಮಾ, ಇದಕ್ಕ ಹತ್ತು ಲಕ್ಷ ಕೊಡ್ತಾರಂತಲ್ಲ, ಯಾರ ಕೊಡ್ತಾರ?" ಯಾರೂ ಕೊಡುವುದಿಲ್ಲ. 2012ರ ಇಸವಿಯ ಆ ನಾಣ್ಯ ಸಾಮಾನ್ಯ ಚಲಾವಣೆಯದು, ಬೇಕಾದಷ್ಟು ಸಿಗುತ್ತದೆ. ಅಂಗಡಿಗೆ ಬಂದವರಲ್ಲಿ ಒಬ್ಬ ಅಜ್ಜ ಮೊದಲೇ ಯಾರಿಗೋ ಫೋನಿನಲ್ಲಿ ನೋಂದಣಿ ಫೀ ಅಂತ ರೊಕ್ಕ ಹಾಕಿ ಬಂದಿದ್ದನಂತೆ. ಆಮೇಲೆ ಜಿಎಸ್‌ಟಿ ಅಂತ ಮತ್ತೊಮ್ಮೆ. ಕುರಿ ಮಾರಿದ ರೊಕ್ಕ. ಹಳೆಯ ನಾಣ್ಯ ನೋಟುಗಳ ವ್ಯವಹಾರಕ್ಕೆ ತನ್ನ ಹೆಸರು ಹೇಳಿಕೊಂಡು ಫೀ, ಕಮಿಷನ್ ಕೇಳುವವರನ್ನು ನಂಬಬೇಡಿ, ತಾನು ಅಂಥ ವ್ಯವಹಾರ ಮಾಡುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಎಚ್ಚರಿಕೆ ಕೊಟ್ಟಿತ್ತು. ಆ ಎಚ್ಚರಿಕೆ ಅಜ್ಜನ ಫೋನಿಗೆ ಬರಲಿಲ್ಲ, ಹತ್ತು ಲಕ್ಷದ ವೀಡಿಯೊ ಬಂತು.

"ಒಂದ ನಮೂನಿ ಇದ್ದಿದ್ರ ಈ ಆಟ ನಡೀತಿರಲಿಲ್ಲ ಅಕ್ಕಾ" ಅಂದ ಹುಡುಗ. "ಹೊಸಾ ಚಿತ್ರ ಕಂಡ್ರ ಸಾಕು, ಅಂಗಡ್ಯಾವ್ರು ಖೊಟ್ಟಿ ಅಂತಾರ, ಮನ್ಯಾವ್ರು ಲಕ್ಷ ಅಂತಾರ. ಅದು ಬರೇ ಐದ ರೂಪಾಯಿ ಅಂತ ಯಾರೂ ಅನ್ನಂಗಿಲ್ಲ."

ನನಗೆ ಅವನ ಮಾತು ಅರ್ಧ ಸರಿ ಅನ್ನಿಸಿತು. ಮೋಸ ಮಾಡುವವನು ಹಳೆಯ ಟ್ರ್ಯಾಕ್ಟರ್ ಕಂತಿನ ಹೆಸರಲ್ಲೂ ಮಾಡುತ್ತಾನೆ. ಅದಕ್ಕೆ ನಾಣ್ಯವನ್ನೇ ಬೈದರೆ ಹೇಗೆ?

ಬಸವನ ಬಾಗೇವಾಡಿಗೆ ಹೋದದ್ದು ಒಂದೇ ಒಂದು ನಾಣ್ಯ ನೋಡಲು. 2006ರಲ್ಲಿ ಮಹಾತ್ಮ ಬಸವೇಶ್ವರರ ಚಿತ್ರವಿರುವ ಐದು ರೂಪಾಯಿ ಬಂದಿತ್ತು, ಜೊತೆಗೆ ಸಂಗ್ರಾಹಕರಿಗಾಗಿ ನೂರು ರೂಪಾಯಿಯದೂ. ಬಸವಣ್ಣ ಹುಟ್ಟಿದ ಊರಿನಲ್ಲಿ ಆ ಐದು ರೂಪಾಯಿ ಯಾರ ಗಲ್ಲಾಪೆಟ್ಟಿಗೆಯಲ್ಲಾದರೂ ಇದೆಯೇ ಅಂತ ಗುಡಿಯ ಸುತ್ತಲಿನ ಅಂಗಡಿಗಳಲ್ಲಿ ಕೇಳಿದೆ. ಗಲ್ಲಾದಲ್ಲಿ ಇಲ್ಲ. ಜಗಲಿಯ ಮೇಲೆ ಇದೆ. ಮೂರು ಜನ ಇದೇ ಉತ್ತರ ಕೊಟ್ಟರು. ಕೈಗೆ ಬಂದ ದಿನವೇ ವಿಭೂತಿ ಹಚ್ಚಿ ದೇವರ ಮುಂದೆ ಇಟ್ಟವರು ಅದನ್ನು ಉಪ್ಪಿಗೋ ಎಣ್ಣೆಗೋ ಕೊಟ್ಟಿಲ್ಲ. ಬಿಜ್ಜಳನ ಭಂಡಾರಿಯಾಗಿ ರೊಕ್ಕದ ಲೆಕ್ಕ ನೋಡಿದ ಬಸವಣ್ಣನೇ ರೊಕ್ಕದ ಮೇಲೆ ಬಂದು, ಆ ರೊಕ್ಕ ಓಡಾಡದೆ ಜಗಲಿಯಲ್ಲಿ ಕುಂತುಬಿಟ್ಟಿದೆ. ಬಸವಣ್ಣ ಇದ್ದಿದ್ದರೆ ಏನು ಅನ್ನುತ್ತಿದ್ದನೋ.

ಕೊನೆಗೆ ಅದನ್ನು ತೋರಿಸಿದವರು ಒಬ್ಬ ಪತ್ತಾರರು. ಅವರ ಬಳಿ ಆರು ಇವೆ. ಒಂದು ಕನ್ನಡಿ ಹಾಕಿಸಿದ ಚೌಕಟ್ಟಿನಲ್ಲಿ, ಐದು ಬೀರುವಿನಲ್ಲಿ. ಪತ್ತಾರರು ನಾಣ್ಯ ನೋಡುವ ರೀತಿಯೇ ಬೇರೆ. ಮಾಸ್ತರರು ಚಿತ್ರ ನೋಡುತ್ತಾರೆ, ಇವರು ಲೋಹ ನೋಡುತ್ತಾರೆ.

"ಚಿತ್ರ ಅನ್ನೂದು ಮ್ಯಾಲಿನ ಸುಣ್ಣ ಬಣ್ಣ ತಂಗಿ. ಖರೆ ಬದಲಾಗೂದು ಒಳಗ" ಅಂದು ಲೆಕ್ಕ ಬಿಚ್ಚಿದರು. ಮೊದಲಿನ ದಪ್ಪ ಐದು ರೂಪಾಯಿ ತಾಮ್ರ ನಿಕ್ಕಲ್ ಬೆರಕೆಯದು, 9 ಗ್ರಾಂ. ಲೋಹದ ರೇಟು ಏರಿ, ಕರಗಿಸಿದರೆ ಐದು ರೂಪಾಯಿಗಿಂತ ಹೆಚ್ಚು ಸಿಗುವ ಹಾಗಾಯಿತು. 2007ರ ಸುಮಾರಿಗೆ ನಮ್ಮ ನಾಣ್ಯಗಳನ್ನು ಕದ್ದು ಬಾಂಗ್ಲಾದೇಶಕ್ಕೆ ಸಾಗಿಸಿ ದಾಡಿ ಬ್ಲೇಡ್ ಮಾಡುತ್ತಾರೆ ಅಂತ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅದಕ್ಕೇ ಉಕ್ಕು ಬಂತು, ಹಿತ್ತಾಳೆ ಬಣ್ಣದ್ದು ಬಂತು, ತೂಕ ಇಳಿಯಿತು. ಸರಕಾರ ಹುಚ್ಚಿಗೆ ಬಿದ್ದು ಬದಲಿಸಿದ್ದಲ್ಲ ಅನ್ನುವುದು ಅವರ ವಾದ.

ಮಾತಿನ ಜೊತೆ ತೋರಿಸಲು ಅವರು ಬಂಗಾರ ತೂಗುವ ಸಣ್ಣ ತಕ್ಕಡಿ ಎಳೆದುಕೊಂಡರು. ಗಲ್ಲಾದಿಂದ ಒಂದು ಹಿಡಿ ಚಿಲ್ಲರೆ ತೆಗೆದು ಒಂದೊಂದಾಗಿ ಇಟ್ಟರು. ಹೆಬ್ಬೆರಳಿನ ಚಿತ್ರದ ಹಳೆಯ ಒಂದು ರೂಪಾಯಿ. 4.85 ಗ್ರಾಂ. ಅದನ್ನು ತೆಗೆದು ರೂಪಾಯಿ ಚಿಹ್ನೆಯಿರುವ ಎರಡು ರೂಪಾಯಿ ಇಟ್ಟರು. 4.85.

ನಾನು ತಕ್ಕಡಿ ಕೆಟ್ಟಿದೆ ಅಂದುಕೊಂಡೆ. ಅವರು ನಕ್ಕು ಅಳತೆ ಹಿಡಿಯುವ ಇಕ್ಕಳ ತೆಗೆದರು. ಒಂದು ರೂಪಾಯಿ ಅಡ್ಡಗಲ 25 ಮಿಲಿಮೀಟರ್. ಎರಡು ರೂಪಾಯಿಯೂ 25. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಅಂಚಿಗೆ ಅಂಚು ಕೂಡುತ್ತದೆ. ಎರಡೂ ಉಕ್ಕು, ಎರಡೂ ಗುಂಡಗೆ.

1992ರಲ್ಲಿ ಉಕ್ಕಿನ ಒಂದು ರೂಪಾಯಿ ಬಂದಾಗಿನಿಂದ ಅದರ ಅಳತೆ ಇದೇ. ಚಿತ್ರ ತೆನೆಯಿಂದ ಗೆರೆಗೆ, ಗೆರೆಯಿಂದ ಬೆರಳಿಗೆ ಬದಲಾದರೂ ಅಳತೆ ಕದಲಲಿಲ್ಲ. 2011ರಲ್ಲಿ ಎಲ್ಲವೂ ಒಂದು ಮೆಟ್ಟಿಲು ಕೆಳಗಿಳಿಯಿತು. ಒಂದು ರೂಪಾಯಿಯ ಅಳತೆ ಎರಡು ರೂಪಾಯಿಗೆ ಹೋಯಿತು. ಎಂಟಾಣೆಯ ಅಳತೆ, 22 ಮಿಲಿಮೀಟರ್, 3.79 ಗ್ರಾಂ, ಹಾಗೆ ಹಾಗೇ ಒಂದು ರೂಪಾಯಿಗೆ ಬಂತು. ಹಳೆಯವನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಎರಡೂ ಒಂದೇ ಸಂಚಿಯಲ್ಲಿ ಓಡಾಡಿದವು, ಇವತ್ತಿಗೂ ಓಡಾಡುತ್ತಿವೆ.

ಪತ್ತಾರರು ಇನ್ನೂ ಏನೋ ಹೇಳುತ್ತಿದ್ದರು. ನನಗೆ ಕೇಳಿಸಲಿಲ್ಲ. ಆಯಿಯ ಕೈ ಕಾಣುತ್ತಿತ್ತು. ಗಿರಾಕಿ ಐದು ರೂಪಾಯಿ ಕೊಟ್ಟು ರೂಪಾಯಿಗೊಂದರಂತೆ ಮೂರು ಲಿಂಬೆ ತಗೊಂಡರೆ ವಾಪಸ್ ಎರಡು ರೂಪಾಯಿ. ಸಂಚಿಯೊಳಗೆ ಬೆರಳು ಹುಡುಕುತ್ತದೆ. 25 ಮಿಲಿಮೀಟರಿನ ಎರಡು ಬಿಲ್ಲೆ ಸಿಗುತ್ತವೆ. ಹತ್ತೊಂಬತ್ತು ವರ್ಷದಿಂದ ಆ ಬೆರಳಿಗೆ ಅದು ಒಂದು ರೂಪಾಯಿ. ಎರಡು ತೆಗೆದು ಕೊಡುತ್ತಾಳೆ. ಕೊಟ್ಟದ್ದು ನಾಲ್ಕು ರೂಪಾಯಿ. ಸಂತೆಯಲ್ಲಿ ದಿನವೆಲ್ಲ ಹೀಗೆ ಹತ್ತು ಸಲವಾದರೆ ಸಾಕು. ಸಂಜೆ ನಾನು ಎಣಿಸುವಾಗ ನಾಣ್ಯದ ಮೇಲಿನ ಅಂಕಿ ನೋಡಿ ಎಣಿಸುತ್ತಿದ್ದೆ. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಕಡಿಮೆ ಬಿದ್ದ ರೊಕ್ಕ ಸಂತೆಯಲ್ಲೇ ಹೋಗಿರುತ್ತಿತ್ತು. ಆಗೆಲ್ಲ ಆಯಿ ಗಿರಾಕಿಗಳ ಜೊತೆ "ಎಂಟಾಣೆ ಯಾಕ ಕೊಡ್ತಿಯೋ" ಅಂತ ಜಗಳವಾಡುತ್ತಿದ್ದದ್ದೂ ನೆನಪಾಯಿತು. ಅವರು ಕೊಟ್ಟದ್ದು ಹೊಸ ಒಂದು ರೂಪಾಯಿ ಇರಬೇಕು.

ನಾಣ್ಯದ ಮೇಲೆ ಕನ್ನಡ ಇಲ್ಲ ಅನ್ನುವುದನ್ನು ಎಂದಾದರೂ ಗಮನಿಸಿದ್ದೀರಾ? ನೋಟಿನ ಹಿಂದೆ ಸಣ್ಣದಾಗಿಯಾದರೂ ಇದೆ. ನಾವು ದಿನಾ ಬಳಸುವ ನಾಣ್ಯದ ಮೇಲೆ ಹಿಂದಿ, ಇಂಗ್ಲಿಷ್ ಮಾತ್ರ. ಓದು ಬಾರದವರಿಗೆ, ಕಣ್ಣು ಮಂಜಾದವರಿಗೆ ಅಳತೆಯೇ ಅಕ್ಷರ. ಮಾಸ್ತರರು "ಅಳತಿ ಮುಟ್ಟಲಿಲ್ಲ" ಅಂದದ್ದು ಆಗ ಅರ್ಥವಾಯಿತು. ಚಿತ್ರ ವರ್ಷಕ್ಕೊಮ್ಮೆ ಬದಲಿಸಲಿ, ಮಾಸ್ತರರಿಗೆ ಹಬ್ಬವಾಗಲಿ, ಬಾಗೇವಾಡಿಯವರು ಇನ್ನೊಂದು ಬಸವಣ್ಣನನ್ನು ಜಗಲಿಗೆ ಏರಿಸಲಿ. ನನ್ನ ತಕರಾರು ಇರುವುದು 25 ಮಿಲಿಮೀಟರಿನ ಮೇಲೆ. 2019ರ ಸಾಲಿನಲ್ಲಿ ಅದೇ 25 ಮಿಲಿಮೀಟರ್ ಐದು ರೂಪಾಯಿಗೆ ಬಂದಿದೆ, ಬಣ್ಣ ತೂಕ ಬೇರೆಯಾದರೂ. 1992ರಲ್ಲಿ ಒಂದು, 2011ರಲ್ಲಿ ಎರಡು, 2019ರಲ್ಲಿ ಐದು.

ನ್ಯಾಯವಾಗಿ ಹೇಳಬೇಕು ಅಂದರೆ ಆ 2019ರ ಸಾಲನ್ನು ಕಣ್ಣು ಕಾಣದವರಿಗಾಗಿಯೇ ಮಾಡಿದ್ದು. ಬೆಲೆ ಹೆಚ್ಚಾದಂತೆ ತೂಕವೂ ಹೆಚ್ಚು, ಇಪ್ಪತ್ತು ರೂಪಾಯಿಗೆ ಹನ್ನೆರಡು ಮೂಲೆ. ಹಳೆಯವು ಯಾವುವೂ ಇರದಿದ್ದರೆ, ಹೊಸದಾಗಿ ರೊಕ್ಕ ಹಿಡಿಯುವ ಕೈಗೆ ಅದು ಚಲೋ ವ್ಯವಸ್ಥೆ. ಆದರೆ ಹಳೆಯವು ಇವೆ, ಹಳೆಯ ಕೈಗಳೂ ಇವೆ.

ಬಾಗೇವಾಡಿಯಿಂದ ನೇರ ಊರಿಗೆ ಹೋದೆ. ಪತ್ತಾರರಿಂದ ಅದೇ ಎರಡು ನಾಣ್ಯ ಇಸಿದುಕೊಂಡಿದ್ದೆ, ಬದಲಿಗೆ ಮೂರು ರೂಪಾಯಿ ಕೊಟ್ಟು. ಆಯಿ ಈಗ ಸಂತೆಗೆ ಹೋಗುವುದಿಲ್ಲ. ಪಡಸಾಲೆಯ ಹೊರಸಿನ ಮೇಲೆ ಕುಂತಿರುತ್ತಾಳೆ, ಒಂದು ಕಣ್ಣಿನ ಆಪರೇಶನ್ ಆಗಿದೆ, ಇನ್ನೊಂದಕ್ಕೆ ಒಲ್ಲೆ ಅನ್ನುತ್ತಾಳೆ. ಅಂಗೈಯಲ್ಲಿ ಎರಡೂ ಇಟ್ಟೆ.

"ಎಷ್ಟ ಐತಿ ಆಯಿ?"

ತಿಕ್ಕಿ ನೋಡಿದಳು. "ಎರಡ ರೂಪಾಯಿ."

"ಮೂರು ಐತಿ." ಇಡೀ ಕತೆ ಹೇಳಿದೆ. 2011, ಅಳತೆ, ತಕ್ಕಡಿ, ಸಂಚಿ, ನಾಲ್ಕನೇ ವಾರ. ಪೂರಾ ಕೇಳಿಸಿಕೊಂಡಳು.

"ಇರ್ಲಿ ಬಿಡ ಬೇ" ಅಂದಳು. "ನೀ ತಗೊಂಡಿದ್ದಿ ಅಂತ ನಾ ಆವಾಗ ಯಾರ ಮುಂದೂ ಅಂದಿಲ್ಲ. ಸಣ್ಣಾಕಿ ಇದ್ದಿ, ತಿನ್ನು ವಯಸ್ಸು."

"ನಾ ತಗೊಂಡಿಲ್ಲ ಅಂತ ಅಷ್ಟ ಹೊತ್ತಿಂದ ಹೇಳಾಕತ್ತೀನಲ್ಲ ಆಯಿ!"

"ಹೂಂ, ಅದಕ್ಕ ಇರ್ಲಿ ಬಿಡು ಅಂದೆ."

ಮುಂದೆ ಏನು ಹೇಳುವುದು? ಐಸ್‌ಕ್ಯಾಂಡಿಯ ಎರಡು ರೂಪಾಯಿ ನಾಲಗೆಯ ತುದಿಗೆ ಬಂತು, ನುಂಗಿದೆ. ಬಸ್ಸಿನಲ್ಲಿ ಚಿಲ್ಲರೆಯಾಗಿ ಬಂದಿದ್ದ ಇಪ್ಪತ್ತರ ಹೊಸ ನಾಣ್ಯ ಕಿಸೆಯಲ್ಲಿತ್ತು. ತೆಗೆದು ಆಕೆಯ ಕೈಯಲ್ಲಿಟ್ಟೆ. ಆಯಿ ಹೆಬ್ಬೆರಳಿನಿಂದ ಅಂಚಿನ ಮೂಲೆಗಳನ್ನು ಒಂದೊಂದಾಗಿ ಸವರಿದಳು. ಮುಖ ಅರಳಿತು.

"ಇದು ಗೊತ್ತೈತಿ ನನಗ" ಅಂದಳು. "ಹಳೇ ಎರಡ ರೂಪಾಯಿ. ಇದು ಇನ್ನಾ ನಡೀತೈತೇನ?"